ಮುಖ ಪದೇ ಪದೇ ಊದಿಕೊಳ್ಳುತ್ತಿದೆ, ಕಾರಣ ಸಿಕ್ಕಿಲ್ಲ: ಹುಡುಕಾಟ ಎಲ್ಲಿಂದ ಆರಂಭವಾಗಬೇಕು?

ಮುಖ ಊದಿಕೊಂಡವರಿಗೆ ಸಾಮಾನ್ಯವಾಗಿ ಸಿಗುವ ಮೊದಲ ಉತ್ತರ ‘ಅಲರ್ಜಿ ಇರಬೇಕು’ ಎಂಬುದು. ಸಿಗುವ ಮೊದಲ ಔಷಧ ಸಿಟ್ರಿಜಿನ್. ಹಲವರ ಮಟ್ಟಿಗೆ ಅದು ಸರಿಯೇ ಆಗಿರುತ್ತದೆ, ಮಾತ್ರೆ ನುಂಗಿ ಮಲಗಿದರೆ ಮರುದಿನಕ್ಕೆ ಮುಖ ಮೊದಲಿನಂತಾಗಿರುತ್ತದೆ. ಈ ಬರಹ ಉಳಿದವರಿಗಾಗಿ. ಊತ ಇಳಿದು ಮತ್ತೆ ಮತ್ತೆ ಬರುತ್ತಿರುವವರು, ಸಿಟ್ರಿಜಿನ್‌ಗೆ ಬಗ್ಗದವರು, ‘ಏನು ತಿಂದಿದ್ದಿರಿ?’ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಬದನೆಕಾಯಿ, ಮೊಟ್ಟೆ, ಶೇಂಗಾ ಎಂದು ಒಂದೊಂದನ್ನೇ ಬಿಟ್ಟು ಕೊನೆಗೆ ಅನ್ನ-ಮಜ್ಜಿಗೆಗೆ ಇಳಿದಿರುವವರು ನಮ್ಮ ನಡುವೆ ಸಾಕಷ್ಟು ಜನರಿದ್ದಾರೆ. ಅವರು ಆಹಾರದ ಪಟ್ಟಿಯನ್ನು ಸ್ವಲ್ಪ ಬದಿಗಿಟ್ಟು ಊತವನ್ನೇ ಗಮನಿಸುವುದು ಒಳ್ಳೆಯದು. ತುರಿಕೆ ಇದೆಯೇ, ಎಷ್ಟು ಹೊತ್ತಿನಲ್ಲಿ ಏರಿತು, ಎಷ್ಟು ದಿನ ನಿಂತಿತು, ದಿನದ ಯಾವ ಹೊತ್ತಿನಲ್ಲಿ ಹೆಚ್ಚು, ಎರಡೂ ಕಡೆಯೋ ಒಂದೇ ಕಡೆಯೋ ಎಂಬ ಐದು ಸಂಗತಿಗಳು ತಿಳಿದರೆ ಕಾರಣಗಳ ದೊಡ್ಡ ಗುಂಪು ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಇಲ್ಲಿರುವುದು ವೈದ್ಯರ ಬಳಿಗೆ ಸಿದ್ಧರಾಗಿ ಹೋಗಲು ಬೇಕಾದ ತಿಳಿವಳಿಕೆ. ಇದನ್ನು ಓದಿ ಔಷಧ ಶುರು ಮಾಡುವುದಾಗಲಿ, ನಡೆಯುತ್ತಿರುವ ಔಷಧವನ್ನು ಬಿಡುವುದಾಗಲಿ ಸಲ್ಲದು.

ಈ ಲಕ್ಷಣಗಳಿದ್ದರೆ ಮುಂದೆ ಓದದೆ ಆಸ್ಪತ್ರೆಗೆ ಹೊರಡಿ

ನಾಲಿಗೆ ಅಥವಾ ಗಂಟಲಿನ ಒಳಭಾಗ ಊದುತ್ತಿದ್ದರೆ, ದನಿ ಒಡೆದು ಬದಲಾಗಿದ್ದರೆ, ಜೊಲ್ಲು ನುಂಗಲಾಗದೆ ಬಾಯಿಂದ ಸುರಿಯುತ್ತಿದ್ದರೆ, ಉಸಿರು ಎಳೆಯುವಾಗ ಶಬ್ದ ಬರುತ್ತಿದ್ದರೆ 108ಕ್ಕೆ ಕರೆ ಮಾಡಬೇಕು; ಹತ್ತಿರದಲ್ಲಿ ವಾಹನವಿದ್ದರೆ ಕಾಯದೆ ಹೊರಡಬೇಕು. ಊತದ ಜೊತೆಗೆ ಮೈತುಂಬ ದದ್ದು, ವಾಂತಿ, ಕಣ್ಣು ಕತ್ತಲೆ, ಎದೆ ಬಿಗಿತ ಕಾಣಿಸಿದರೆ ಅದು ತೀವ್ರ ಅಲರ್ಜಿ. ಇದಕ್ಕೆ ಮೊದಲ ಔಷಧ ಅಡ್ರಿನಲಿನ್: ವಯಸ್ಕರಿಗೆ 0.5 ಮಿಲಿಗ್ರಾಂ, ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ. ಸಿಟ್ರಿಜಿನ್ ಕೊಟ್ಟು ‘ನೋಡೋಣ’ ಎಂದು ಕಾಯುವುದು ಈ ಸ್ಥಿತಿಯಲ್ಲಿ ಅಪಾಯಕಾರಿ. ತಲೆ ಸುತ್ತುತ್ತಿರುವವರನ್ನು ಮಲಗಿಸಿ ಕಾಲುಗಳನ್ನು ಎತ್ತರಿಸಿ, ಉಸಿರಾಟ ಕಷ್ಟವಾಗುತ್ತಿರುವವರನ್ನು ಒರಗಿಸಿ ಕೂರಿಸಿ, ಯಾರಿಗೂ ಬಾಯಿಗೆ ನೀರನ್ನಾಗಲಿ ಕಷಾಯವನ್ನಾಗಲಿ ಹಾಕಬೇಡಿ.

ಕಣ್ಣಿನ ಸುತ್ತ ಕೆಂಪಗೆ ಊದಿ ಕಣ್ಣುಗುಡ್ಡೆ ಹೊರಳಿಸಿದರೆ ನೋವಾಗುವುದು, ದೃಷ್ಟಿ ಮಂಜಾಗುವುದು, ಕಣ್ಣು ಮುಂದಕ್ಕೆ ಬಂದಂತೆ ಕಾಣುವುದು ಕೂಡ ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು. ಗರ್ಭಿಣಿಯರಿಗೆ 20 ವಾರಗಳ ನಂತರ ಮುಖ ಊದಿ ತಲೆನೋವು ಬಂದರೆ ಅಥವಾ ಕಣ್ಣ ಮುಂದೆ ಮಿಂಚಿದಂತಾದರೆ ಕೂಡಲೇ ಬಿಪಿ ಅಳೆಸಬೇಕು. 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ‘ಬಸುರಿನ ನೀರು’ ಎಂದು ತಳ್ಳಿಹಾಕುವಂತಿಲ್ಲ. ತಲೆಗೆ ಹಚ್ಚುವ ಕಪ್ಪು ಬಣ್ಣವನ್ನು ಯಾರಾದರೂ ಕುಡಿದಿದ್ದಾರೆ ಎಂಬ ಅನುಮಾನವಿದ್ದರೆ, ಮುಖ-ಕುತ್ತಿಗೆ ಇನ್ನೂ ಊದಿರದಿದ್ದರೂ ಕಾಯಬಾರದು. ಆ ಊತ ಕೆಲವೇ ಗಂಟೆಗಳಲ್ಲಿ ಉಸಿರಿನ ದಾರಿಯನ್ನು ಮುಚ್ಚಬಲ್ಲದು.

ಖರ್ಚಿಲ್ಲದೆ ಮನೆಯಲ್ಲೇ ನೋಡಿಕೊಳ್ಳಬಹುದಾದದ್ದು

ಮುಖದ ಊತದ ದೊಡ್ಡ ತೊಡಕೆಂದರೆ, ಟೋಕನ್ ಪಡೆದು ವೈದ್ಯರ ಮುಂದೆ ಕೂರುವ ಹೊತ್ತಿಗೆ ಅದು ಇಳಿದುಹೋಗಿರುತ್ತದೆ. ಆದ್ದರಿಂದ ಊತ ಬಂದ ದಿನ ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ಸಂಜೆ ಒಮ್ಮೆ, ಅದೇ ಕಿಟಕಿಯ ಬೆಳಕಿನಲ್ಲಿ ಎದುರಿನಿಂದ ಮತ್ತು ಪಕ್ಕದಿಂದ ಫೋಟೊ ತೆಗೆದಿಡಿ. ಮುಖವನ್ನು ನುಣುಪು ಮಾಡುವ ಕ್ಯಾಮೆರಾ ಸೌಲಭ್ಯವನ್ನು ಮೊದಲು ಆಫ್ ಮಾಡಬೇಕು, ಇಲ್ಲದಿದ್ದರೆ ಬೇಕಾದ ವಿವರವೇ ಅಳಿಸಿಹೋಗುತ್ತದೆ.

ನಂತರ ಹೆಬ್ಬೆರಳಿನಿಂದ ಹಣೆಯ ಮೇಲೊಮ್ಮೆ, ಮೊಣಕಾಲಿನ ಕೆಳಗಿನ ಮುಂಗಾಲು ಮೂಳೆಯ ಮೇಲೊಮ್ಮೆ ಸುಮಾರು 10 ಸೆಕೆಂಡ್ ಒತ್ತಿ ಬಿಡಿ. ಗುಳಿ ಬಿದ್ದು ನಿಧಾನವಾಗಿ ತುಂಬಿಕೊಂಡರೆ ಚರ್ಮದಡಿ ನೀರು ನಿಂತಿದೆ ಎಂದರ್ಥ. ಮೂತ್ರಪಿಂಡದ ಕಡೆಗೆ ಮೊದಲು ನೋಡಬೇಕು. ಒತ್ತಿದರೂ ಗುಳಿ ಬೀಳದೆ ಮಾಂಸಲವಾಗಿ ಅನಿಸಿದರೆ ಥೈರಾಯ್ಡ್, ಕೊಬ್ಬಿನ ಶೇಖರಣೆ ಅಥವಾ ಕೆಳಗೆ ಹೇಳುವ ಆಂಜಿಯೊಎಡಿಮಾ ಎಂಬ ಊತದ ಸಾಧ್ಯತೆ ಹೆಚ್ಚು. ಮೈಮೇಲೆ ದದ್ದುಗಳೂ ಇದ್ದರೆ ಒಂದು ದದ್ದಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಗಡಿಯಾರ ನೋಡಿಕೊಳ್ಳಿ. ಪಿತ್ತದ ಗಂಧೆ ಎಂದು ನಾವು ಕರೆಯುವ ದದ್ದು 24 ಗಂಟೆಯೊಳಗೆ ಆ ಜಾಗದಿಂದ ಕಲೆ ಉಳಿಸದೆ ಮಾಯವಾಗಿ ಬೇರೆಡೆ ಏಳುತ್ತದೆ. ಅಲ್ಲೇ ನಿಂತು, ಉರಿದು, ಕಂದು ಕಲೆ ಬಿಟ್ಟರೆ ಅದು ಬೇರೆ ಕಾಯಿಲೆ, ಚರ್ಮದ ತುಣುಕು ಪರೀಕ್ಷೆ ಬೇಕಾಗಬಹುದು.

ಇನ್ನು ಮಾತ್ರೆಯ ಡಬ್ಬಿ. ಬಿಪಿ, ಸಕ್ಕರೆ ಕಾಯಿಲೆ, ಮಂಡಿನೋವು, ಗರ್ಭನಿರೋಧಕ, ಆಯುರ್ವೇದದ ಪುಡಿ, ಯಾರೋ ತಂದುಕೊಟ್ಟ ‘ಸೈಡ್ ಎಫೆಕ್ಟ್ ಇಲ್ಲದ’ ಲೇಹ್ಯ, ಹೀಗೆ ಬಾಯಿಗೆ ಹೋಗುವ ಎಲ್ಲವನ್ನೂ ಬರೆದುಕೊಳ್ಳಿ. ನನ್ನ ಚಿಕ್ಕಮ್ಮನ ಡಬ್ಬಿ ತೆಗೆದಾಗ ಅದರಲ್ಲಿದ್ದ ಹೆಚ್ಚಿನ ಹಾಳೆಗಳು ಹೆಸರಿಲ್ಲದವೇ ಆಗಿದ್ದವು. ಹತ್ತು ಮಾತ್ರೆಯ ಹಾಳೆಯನ್ನು ಕತ್ತರಿಸಿ ನಾಲ್ಕು ಕೊಡುವ ಅಂಗಡಿಯ ರೂಢಿಯಿಂದ ಹೆಸರು ಒಬ್ಬರ ಮನೆಗೂ ಮಾತ್ರೆ ಇನ್ನೊಬ್ಬರ ಮನೆಗೂ ಹೋಗಿರುತ್ತದೆ. ಒಂದು ತುಂಡಿನ ಬೆಳ್ಳಿ ಬಣ್ಣದ ಅಂಚಿನಲ್ಲಿ ಮಾತ್ರ ‘ಪ್ರಿಲ್ 5’ ಎಂಬಷ್ಟು ಅಕ್ಷರ ಉಳಿದಿತ್ತು. ಅವರ ತುಟಿ ಆಗಾಗ ಊದುತ್ತಿದ್ದುದಕ್ಕೆ ಕಾರಣ ಹುಡುಕಲು ಆ ಅರ್ಧ ಹೆಸರೇ ಸಾಕಾಯಿತು. ಏಕೆ ಎಂಬುದನ್ನು ತುರಿಕೆಯಿಲ್ಲದ ಊತದ ಭಾಗದಲ್ಲಿ ಹೇಳುತ್ತೇನೆ.

ಲಕ್ಷಣ: ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊತ, ಮಧ್ಯಾಹ್ನದ ಹೊತ್ತಿಗೆ ಇಳಿಕೆ

ರಾತ್ರಿ ಮಲಗಿದಾಗ ಮೈಯಲ್ಲಿರುವ ಹೆಚ್ಚಿನ ನೀರು ಮುಖದ ಕಡೆಗೂ ಹರಡುತ್ತದೆ. ರೆಪ್ಪೆಯ ಅಡಿಯ ಅಂಗಾಂಶ ಬಹಳ ಸಡಿಲವಾದ್ದರಿಂದ ಮೊದಲು ಕಾಣುವುದು ಅಲ್ಲಿ. ಎದ್ದು ಓಡಾಡಿದ ಮೇಲೆ ಅದೇ ನೀರು ಕಾಲಿಗಿಳಿಯುತ್ತದೆ, ಸಂಜೆಗೆ ಚಪ್ಪಲಿಯ ಪಟ್ಟಿ ಪಾದದ ಮೇಲೆ ಅಚ್ಚೊತ್ತುತ್ತದೆ. ಈ ಚಲನೆ ಕಂಡರೆ ಅಗ್ಗದ ಪರೀಕ್ಷೆಯೇ ಮೊದಲ ಪರೀಕ್ಷೆ: ಸಾಮಾನ್ಯ ಮೂತ್ರ ಪರೀಕ್ಷೆ ಮತ್ತು ಬಿಪಿ. ಇವೆರಡನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾಡಿಸಬಹುದು. ಮುಖ ಊದುತ್ತಿದೆ ಎಂದು ಸಾವಿರಾರು ರೂಪಾಯಿಯ ಅಲರ್ಜಿ ಪರೀಕ್ಷೆ ಮಾಡಿಸಿಕೊಂಡವರು ಮೂತ್ರವನ್ನು ಒಮ್ಮೆಯೂ ಪರೀಕ್ಷೆಗೆ ಕೊಟ್ಟಿರುವುದಿಲ್ಲ ಎಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಮೂತ್ರದಲ್ಲಿ ನೊರೆ ಎದ್ದು ಹೊತ್ತಾದರೂ ಕರಗದೆ ನಿಂತರೆ ಪ್ರೋಟೀನ್ ಸೋರುತ್ತಿರಬಹುದು. ದಿನಕ್ಕೆ 3.5 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಸೋರಿ, ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನ್ ಇಳಿದು, ಕೊಲೆಸ್ಟರಾಲ್ ಏರಿದ ಸ್ಥಿತಿಗೆ ನೆಫ್ರೋಟಿಕ್ ಸಿಂಡ್ರೋಮ್ ಎನ್ನುತ್ತಾರೆ. ಇದು ಎರಡರಿಂದ ಆರು ವರ್ಷದ ಮಕ್ಕಳಲ್ಲಿ ಹೆಚ್ಚು. ಮನೆಯವರು ‘ಮಗು ದುಂಡಗಾಗಿದೆ’ ಎಂದು ಸಂತೋಷಪಡುತ್ತಿರುವಾಗಲೇ ಚಡ್ಡಿಯ ಎಲಾಸ್ಟಿಕ್ ಸೊಂಟದ ಮೇಲೆ ಆಳವಾದ ಗೆರೆ ಬಿಡಲು ಶುರುವಾಗಿರುತ್ತದೆ. ಹೆಚ್ಚಿನ ಮಕ್ಕಳು ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುತ್ತಾರೆ. ಆದರೆ ಊತದ ಜೊತೆ ಜ್ವರ ಅಥವಾ ಹೊಟ್ಟೆನೋವು ಬಂದರೆ, ಮೂತ್ರ ತೀರ ಕಡಿಮೆಯಾದರೆ ಅದೇ ದಿನ ತೋರಿಸಬೇಕು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ, ಕೆಲವು ವಾರಗಳ ಹಿಂದೆ ಗಂಟಲು ನೋವು ಅಥವಾ ಕಜ್ಜಿ ಆಗಿದ್ದರೆ ಅದು ಮೂತ್ರಪಿಂಡದ ಉರಿಯೂತ; ಅಲ್ಲಿ ಬಿಪಿ ಏರುವುದೇ ಮುಖ್ಯ ಅಪಾಯ.

ವಯಸ್ಕರಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ಮುಖ ಬೆಳ್ಳಗಾಗಿಸುವ ಕ್ರೀಮ್ ಹಚ್ಚುತ್ತಿದ್ದೀರಾ? 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ನೆಫ್ರೋಟಿಕ್ ಸಿಂಡ್ರೋಮ್‌ನಿಂದ ಬಂದ ಹಲವು ರೋಗಿಗಳಿಗೆ ಸಾಮಾನ್ಯವಾಗಿದ್ದದ್ದು ಪಾದರಸ ಬೆರೆತಿದ್ದ ಇಂಥ ಕ್ರೀಮ್‌ಗಳ ಬಳಕೆ. ತಯಾರಕರ ವಿಳಾಸ, ಪದಾರ್ಥಗಳ ಪಟ್ಟಿ ಇಲ್ಲದ ಡಬ್ಬಿಯನ್ನು ಎಸೆಯದೆ ವೈದ್ಯರಿಗೆ ತೋರಿಸಿ, ಅದೂ ಒಂದು ಸಾಕ್ಷ್ಯ.

ಊತ ಇಳಿಸಲೆಂದು ‘ನೀರಿನ ಮಾತ್ರೆ’ಯನ್ನು ಅಂಗಡಿಯಿಂದ ತಂದು ನುಂಗುವುದು ಸರಿಯಲ್ಲ, ಪೊಟ್ಯಾಸಿಯಂ ಮತ್ತು ಬಿಪಿ ಎರಡೂ ಕುಸಿಯಬಹುದು. ಮೂತ್ರ, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತ ಪರೀಕ್ಷೆ), ಆಲ್ಬುಮಿನ್ ಮೂರೂ ಸಹಜವಿದ್ದರೆ ಮೂತ್ರಪಿಂಡದ ಚಿಂತೆಯನ್ನು ಬಹುಮಟ್ಟಿಗೆ ಬಿಡಬಹುದು. ಆಗ ಮೂಗಿನ ಅಲರ್ಜಿ, ನಿದ್ದೆಗೇಡು, ತಡರಾತ್ರಿಯ ಉಪ್ಪು ಊಟ, ಥೈರಾಯ್ಡ್ ಕಡೆಗೆ ತಿರುಗಬೇಕು.

ಲಕ್ಷಣ: ತುಟಿ ಅಥವಾ ರೆಪ್ಪೆ ಹಠಾತ್ತನೆ ಊದುತ್ತದೆ, ತುರಿಕೆ ಮತ್ತು ದದ್ದು ಇವೆ

ಚರ್ಮದ ಆಳದ ಪದರದಲ್ಲಿ ಹೀಗೆ ದಿಢೀರನೆ ನೀರು ತುಂಬುವುದನ್ನು ಆಂಜಿಯೊಎಡಿಮಾ ಎಂದು ಕರೆಯುತ್ತಾರೆ. ತುರಿಕೆ, ದದ್ದು ಜೊತೆಗಿದ್ದು, ನಿಮಿಷಗಳಿಂದ ಗಂಟೆಯೊಳಗೆ ಏರಿ, ಒಂದೆರಡು ದಿನದೊಳಗೆ ಇಳಿದರೆ ಅದರ ಹಿಂದೆ ಅಲರ್ಜಿಯಲ್ಲಿ ದೇಹ ಹೊರಬಿಡುವ ಹಿಸ್ಟಮಿನ್ ಎಂಬ ರಾಸಾಯನಿಕ ಇರುತ್ತದೆ. ಸಿಟ್ರಿಜಿನ್ ಬಗೆಯ ಮಾತ್ರೆಗಳು ಕೆಲಸ ಮಾಡುವುದು ಇಲ್ಲಿ.

ಆಹಾರದ ಅಲರ್ಜಿ ಸಾಮಾನ್ಯವಾಗಿ ತಿಂದ ಎರಡು ಗಂಟೆಯೊಳಗೆ, ಅದೇ ಪದಾರ್ಥ ತಿಂದಾಗಲೆಲ್ಲ ಕಾಣಿಸಿಕೊಳ್ಳುತ್ತದೆ. ನಿನ್ನೆ ರಾತ್ರಿ ತಿಂದದ್ದಕ್ಕೆ ಇಂದು ಮಧ್ಯಾಹ್ನ ಊತ ಬಂತು ಎಂಬ ಲೆಕ್ಕ ಹೆಚ್ಚಾಗಿ ಕೂಡುವುದಿಲ್ಲ. ನೋವಿನ ಮಾತ್ರೆಗಳ ವಿಷಯ ಬೇರೆ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಕೆಲವರಲ್ಲಿ ಕೆಲವೇ ಗಂಟೆಗಳಲ್ಲಿ ರೆಪ್ಪೆ ಮುಚ್ಚುವಷ್ಟು ಊತ ತರುತ್ತವೆ. ತಿಂಗಳಿಗೊಮ್ಮೆ ಮುಟ್ಟಿನ ನೋವಿಗೋ ತಲೆನೋವಿಗೋ ನುಂಗುವ ಆ ಒಂದು ಮಾತ್ರೆ ‘ನಾನು ಯಾವ ಔಷಧವನ್ನೂ ತೆಗೆದುಕೊಳ್ಳುವುದಿಲ್ಲ’ ಎಂಬ ಮಾತಿನೊಳಗೆ ಅಡಗಿಹೋಗುತ್ತದೆ.

ಆರು ವಾರಗಳನ್ನು ಮೀರಿ ದದ್ದು-ಊತ ಬಂದುಹೋಗುತ್ತಿದ್ದರೆ ಹೊರಗಿನ ಕಾರಣ ಸಿಗುವ ಸಂಭವ ಕಡಿಮೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ತನ್ನ ಜೀವಕೋಶಗಳನ್ನು ಕೆಣಕುತ್ತಿರುತ್ತದೆ. ಈ ಹಂತದಲ್ಲಿ ನೂರಾರು ಆಹಾರ ಪದಾರ್ಥಗಳ ರಕ್ತ ಪರೀಕ್ಷೆ ಮಾಡಿಸುವುದರಿಂದ ಊಟದ ತಟ್ಟೆ ಖಾಲಿಯಾಗುತ್ತದೆಯೇ ಹೊರತು ಮುಖ ಇಳಿಯುವುದಿಲ್ಲ. ನಿದ್ದೆ ಬರಿಸದ ಹೊಸ ತಲೆಮಾರಿನ ಮಾತ್ರೆಯನ್ನು ಊತ ಬಂದಾಗ ಮಾತ್ರ ನುಂಗದೆ ದಿನವೂ ನಿಯಮಿತವಾಗಿ ತೆಗೆದುಕೊಳ್ಳುವುದು, ಸಾಲದಿದ್ದರೆ ವೈದ್ಯರ ಸಲಹೆಯಂತೆ ನಾಲ್ಕು ಪಟ್ಟಿನವರೆಗೆ ಏರಿಸುವುದು, ಅದಕ್ಕೂ ಬಗ್ಗದಿದ್ದರೆ ಒಮಲಿಜುಮ್ಯಾಬ್ ಚುಚ್ಚುಮದ್ದು, ಇದು ಇಂದು ಒಪ್ಪಿತವಾದ ಕ್ರಮ. ಪ್ರತಿ ಬಾರಿ ಕ್ಲಿನಿಕ್ಕಿಗೆ ಹೋಗಿ ಸ್ಟೀರಾಯ್ಡ್ ಸೂಜಿ ಚುಚ್ಚಿಸಿಕೊಂಡು ಬರುವ ಅಭ್ಯಾಸ ಮಾತ್ರ ಬೇಡ. ಅದು ಇಂದಿನ ಊತವನ್ನು ಇಳಿಸುತ್ತದೆ, ತಿಂಗಳುಗಟ್ಟಲೆ ಮುಂದುವರಿದರೆ ಮುಖವನ್ನು ಇನ್ನೊಂದು ಬಗೆಯಲ್ಲಿ ಊದಿಸುತ್ತದೆ.

ಲಕ್ಷಣ: ತುರಿಕೆಯಿಲ್ಲ, ದದ್ದಿಲ್ಲ, ಸಿಟ್ರಿಜಿನ್‌ನಿಂದ ಪ್ರಯೋಜನವಿಲ್ಲ

ವರ್ಷಗಟ್ಟಲೆ ಕಾರಣ ಸಿಗದೆ ಅಲೆಯುವವರಲ್ಲಿ ಹಲವರು ಈ ಗುಂಪಿನವರು. ಊತ ಗಂಟೆಗಟ್ಟಲೆ ನಿಧಾನವಾಗಿ ಏರುತ್ತದೆ, ಬಿಗಿತ ಮತ್ತು ಭಾರ ಇರುತ್ತದೆ, ಎರಡರಿಂದ ಐದು ದಿನ ನಿಂತು ತಾನಾಗಿಯೇ ಇಳಿಯುತ್ತದೆ. ಇದರ ಹಿಂದಿರುವುದು ಬ್ರಾಡಿಕೈನಿನ್ ಎಂಬ ಬೇರೆಯೇ ರಾಸಾಯನಿಕ. ಅದು ಸಣ್ಣ ರಕ್ತನಾಳಗಳ ಗೋಡೆಯನ್ನು ಸಡಿಲಗೊಳಿಸಿ ನೀರು ಸೋರುವಂತೆ ಮಾಡುತ್ತದೆ. ಹಿಸ್ಟಮಿನ್ ತಡೆಯುವ ಮಾತ್ರೆಗೆ ಇಲ್ಲಿ ಮಾಡಲು ಕೆಲಸವೇ ಇಲ್ಲ.

ಮೊದಲು ನೋಡಬೇಕಾದದ್ದು ಬಿಪಿ ಮಾತ್ರೆಯ ಹೆಸರು. ಎನಲಾಪ್ರಿಲ್, ರಾಮಿಪ್ರಿಲ್, ಲಿಸಿನೊಪ್ರಿಲ್, ಪೆರಿಂಡೋಪ್ರಿಲ್ ಹೀಗೆ ‘ಪ್ರಿಲ್’ ಎಂದು ಕೊನೆಗೊಳ್ಳುವ ಮಾತ್ರೆಗಳು ತಡೆಯುವ ಕಿಣ್ವವೇ ಬ್ರಾಡಿಕೈನಿನ್ ಅನ್ನು ಒಡೆಯುವ ಕಿಣ್ವವೂ ಹೌದು. ಒಡೆಯುವವರಿಲ್ಲದೆ ಅದು ಶೇಖರವಾಗುತ್ತದೆ. ಇವನ್ನು ಸೇವಿಸುವ 1,000 ಜನರಲ್ಲಿ ಒಬ್ಬರಿಂದ ಏಳು ಮಂದಿಗೆ ತುಟಿ, ನಾಲಿಗೆ, ಮುಖ ಊದಬಹುದು. ಮಾತ್ರೆ ಶುರುವಾದ ವಾರದಲ್ಲೇ ಬಂದರೆ ಯಾರಾದರೂ ಪತ್ತೆ ಹಚ್ಚುತ್ತಾರೆ. ತೊಡಕಿರುವುದು ಇದು ವರ್ಷಗಳ ನಂತರವೂ ಮೊದಲ ಬಾರಿಗೆ ಬರಬಹುದು ಎಂಬಲ್ಲಿ, ಮತ್ತು ಮಾತ್ರೆ ದಿನವೂ ಹೊಟ್ಟೆಗೆ ಹೋದರೂ ಊತ ಯಾವಾಗಲೋ ಒಮ್ಮೆ ಮಾತ್ರ ಬರುತ್ತದೆ ಎಂಬಲ್ಲಿ. ‘ಐದು ವರ್ಷದಿಂದ ಒಗ್ಗಿದ ಮಾತ್ರೆ’ ಎಂಬ ಮಾತು ಹಾಗಾಗಿ ಪುರಾವೆಯಾಗದು. ಬಿಡದ ಒಣಕೆಮ್ಮು ಜೊತೆಗಿದ್ದರೆ ಅನುಮಾನ ಇನ್ನಷ್ಟು ಗಟ್ಟಿ. ಸಕ್ಕರೆ ಕಾಯಿಲೆಗೆ ವಿಲ್ಡಾಗ್ಲಿಪ್ಟಿನ್ ಕೂಡ ನಡೆಯುತ್ತಿದ್ದರೆ ಅಪಾಯ ಹೆಚ್ಚುತ್ತದೆ. ಹೃದಯಕ್ಕೆ ಕೊಡುವ ಸಕ್ಯುಬಿಟ್ರಿಲ್ ಅನ್ನು ಈ ಗುಂಪಿನ ಮಾತ್ರೆ ನಿಲ್ಲಿಸಿ 36 ಗಂಟೆ ಕಳೆಯದೆ ಆರಂಭಿಸುವಂತಿಲ್ಲ.

ಅನುಮಾನ ಬಂದ ದಿನವೇ, ಮುಂದಿನ ಮಾತ್ರೆ ನುಂಗುವ ಮೊದಲು, ಬರೆದುಕೊಟ್ಟ ವೈದ್ಯರೊಡನೆ ಮಾತನಾಡಿ. ಅವರು ಬೇರೆ ಗುಂಪಿನ ಬಿಪಿ ಮಾತ್ರೆಗೆ ಬದಲಾಯಿಸುತ್ತಾರೆ, ಬಿಪಿಯನ್ನು ಔಷಧವಿಲ್ಲದೆ ಬಿಡುವಂತಿಲ್ಲ. ಬದಲಾಯಿಸಿದ ಮೇಲೂ ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು, ಅಲ್ಲೊಂದು ಇಲ್ಲೊಂದು ಊತ ಬರುವುದುಂಟು. ಅದನ್ನು ನೋಡಿ ‘ಮಾತ್ರೆ ಕಾರಣವಲ್ಲ’ ಎಂದು ತೀರ್ಮಾನಿಸಿ ಹಳೆಯದಕ್ಕೆ ಮರಳಬಾರದು. ‘ಪ್ರಿಲ್’ ಗುಂಪಿನ ಯಾವ ಮಾತ್ರೆಯೂ ಅವರಿಗೆ ಜೀವನಪರ್ಯಂತ ಬೇಡ.

ಇಂಥ ಮಾತ್ರೆಯೇ ಇಲ್ಲದವರಲ್ಲಿ, ಅದರಲ್ಲೂ ಬಾಲ್ಯದಲ್ಲೋ ಹದಿಹರೆಯದಲ್ಲೋ ಊತ ಶುರುವಾದವರಲ್ಲಿ, ಆನುವಂಶಿಕ ಆಂಜಿಯೊಎಡಿಮಾ ಬಗ್ಗೆ ಯೋಚಿಸಬೇಕು. ಸುಮಾರು 50,000 ಜನರಲ್ಲಿ ಒಬ್ಬರಿಗೆ ಇರುವ ಕಾಯಿಲೆ ಇದು. ಕುಟುಂಬಗಳಲ್ಲಿ ಹರಿದುಬರುವ ಈ ಊತವನ್ನು ವೈದ್ಯ ವಿಲಿಯಂ ಆಸ್ಲರ್ 1888ರಲ್ಲೇ ವರ್ಣಿಸಿದ್ದರು. ಸಿ-1 ಇನ್‌ಹಿಬಿಟರ್ ಎಂಬ ಪ್ರೋಟೀನಿನ ಕೊರತೆಯೇ ಮೂಲವೆಂದು ಗೊತ್ತಾದದ್ದು 1963ರಲ್ಲಿ. ಮುಖದ ಜೊತೆಗೆ ಕೈ, ಪಾದ, ಜನನಾಂಗ ಊದುವುದು, ದಿನಗಟ್ಟಲೆ ಹೊಟ್ಟೆನೋವು-ವಾಂತಿ ಬಂದು ತಾನೇ ನಿಲ್ಲುವುದು ಇದರ ಗುರುತು. ಕರುಳಿನ ಗೋಡೆಯೇ ಊದಿರುತ್ತದೆ. ಅದನ್ನು ಅಪೆಂಡಿಸೈಟಿಸ್ ಎಂದು ಭಾವಿಸಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೂ ಇದ್ದಾರೆ. ಹಲ್ಲು ಕೀಳಿಸಿದ ಮೇಲೆ, ಪೆಟ್ಟು ಬಿದ್ದಾಗ, ಈಸ್ಟ್ರೊಜನ್ ಇರುವ ಗರ್ಭನಿರೋಧಕ ಮಾತ್ರೆ ಶುರು ಮಾಡಿದಾಗ ಉಲ್ಬಣಿಸುತ್ತದೆ. ಮನೆಯಲ್ಲಿ ಯಾರಾದರೂ ಗಂಟಲು ಕಟ್ಟಿ ಹಠಾತ್ತನೆ ತೀರಿಕೊಂಡ ಹಳೆಯ ಕಥೆ ಇದೆಯೇ ಎಂದು ಅಜ್ಜಿಯನ್ನು ಕೇಳಿ. ಇಲ್ಲವೆಂದರೂ ಕಾಯಿಲೆಯನ್ನು ತಳ್ಳಿಹಾಕುವಂತಿಲ್ಲ, ಸುಮಾರು ಕಾಲುಭಾಗದಷ್ಟು ಜನರಲ್ಲಿ ಅದು ಹೊಸದಾಗಿ ಮೂಡಿರುತ್ತದೆ.

ಇದಕ್ಕೆ ಮೊದಲ ಪರೀಕ್ಷೆ ರಕ್ತದಲ್ಲಿರುವ ಸಿ-4 ಎಂಬ ರೋಗನಿರೋಧಕ ಪ್ರೋಟೀನಿನ ಮಟ್ಟ. ಊತವಿರುವ ದಿನವೇ ತೆಗೆದ ರಕ್ತದಲ್ಲಿ ಅದು ಸಹಜವಾಗಿದ್ದರೆ ಈ ಕಾಯಿಲೆಯ ಮೊದಲೆರಡು ಬಗೆಗಳು ಇರುವ ಸಂಭವ ಬಹಳ ಕಡಿಮೆ. ಕಡಿಮೆ ಬಂದರೆ ಸಿ-1 ಇನ್‌ಹಿಬಿಟರ್‌ನ ಪ್ರಮಾಣ ಮತ್ತು ಕಾರ್ಯಕ್ಷಮತೆ ಎರಡನ್ನೂ ಅಳೆಸಬೇಕು. ಪ್ರಮಾಣ ಮಾತ್ರ ನೋಡಿ ಬಿಟ್ಟರೆ ಎರಡನೆಯ ಬಗೆ ಕೈತಪ್ಪುತ್ತದೆ, ಅಲ್ಲಿ ಪ್ರೋಟೀನ್ ಇರುತ್ತದೆ, ಆದರೆ ಕೆಲಸ ಮಾಡುವುದಿಲ್ಲ. ನಲವತ್ತು ದಾಟಿದ ಮೇಲೆ ಮೊದಲ ಬಾರಿಗೆ ಶುರುವಾದವರಲ್ಲಿ ಸಿ-1ಕ್ಯೂ ಎಂಬ ಇನ್ನೊಂದು ಪ್ರೋಟೀನಿನ ಪರೀಕ್ಷೆಯನ್ನೂ ಸೇರಿಸುತ್ತಾರೆ, ಕೆಲವೊಮ್ಮೆ ಇದರ ಹಿಂದೆ ಲಿಂಫೋಮಾದಂಥ ರಕ್ತದ ಕಾಯಿಲೆ ಅಡಗಿರುತ್ತದೆ.

ಈ ಊತಕ್ಕೆ ಅಡ್ರಿನಲಿನ್, ಸ್ಟೀರಾಯ್ಡ್, ಸಿಟ್ರಿಜಿನ್ ಮೂರೂ ನಾಟುವುದಿಲ್ಲ. ಸಿ-1 ಇನ್‌ಹಿಬಿಟರ್ ಸಾಂದ್ರ ಅಥವಾ ಐಕ್ಯಾಟಿಬ್ಯಾಂಟ್ ಬೇಕು. ಅವು ಸಿಗದ ಕಡೆ ಶೈತ್ಯೀಕರಿಸಿದ ತಾಜಾ ಪ್ಲಾಸ್ಮಾ ಕೊಡುತ್ತಾರೆ. ತಡೆಗಟ್ಟಲು ನಮ್ಮಲ್ಲಿ ಟ್ರಾನೆಕ್ಸಾಮಿಕ್ ಆಮ್ಲ, ಡ್ಯಾನಜಾಲ್ ಬಳಕೆಯಲ್ಲಿವೆ. ಎರಡನೆಯದು ಗರ್ಭಿಣಿಯರಿಗೆ ಸಲ್ಲದು. ಒಂದು ಎಚ್ಚರಿಕೆ: ಯಾವ ಬಗೆಯ ಊತ ಎಂದು ಇನ್ನೂ ಖಚಿತವಾಗದ ವ್ಯಕ್ತಿಗೆ ಉಸಿರು ಕಟ್ಟುತ್ತಿದ್ದರೆ, ‘ಇದು ಆ ಬಗೆಯದಿರಬಹುದು’ ಎಂದು ಅಡ್ರಿನಲಿನ್ ತಡೆಹಿಡಿಯಬಾರದು.

ಲಕ್ಷಣ: ರೆಪ್ಪೆ ಮತ್ತು ಮುಖ ಊದಿ, ಕೆಂಪಾಗಿ, ಉರಿದು, ಆಮೇಲೆ ಸಿಪ್ಪೆ ಏಳುತ್ತದೆ

ಸಿಪ್ಪೆ ಏಳುವುದೇ ಇಲ್ಲಿನ ಮುಖ್ಯ ಸುಳಿವು. ಏನೋ ಚರ್ಮಕ್ಕೆ ತಗುಲಿದೆ. ತಗುಲಿದ ಒಂದರಿಂದ ಮೂರು ದಿನಗಳ ನಂತರ ಊತ ಬರುವುದರಿಂದ ಸಂಬಂಧ ಹೊಳೆಯುವುದಿಲ್ಲ. ಭಾನುವಾರ ತಲೆಗೆ ಕಪ್ಪು ಬಣ್ಣ ಹಚ್ಚಿದವರ ರೆಪ್ಪೆ ಮಂಗಳವಾರ ಊದಿರುತ್ತದೆ. ಅದರಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕಪ್ಪು ಮೆಹಂದಿಯಲ್ಲೂ ಇರುತ್ತದೆ. ಹೊಲಗಳಲ್ಲಿ ಓಡಾಡುವವರಿಗೆ, ಅದರಲ್ಲೂ ಬಯಲುಸೀಮೆಯಲ್ಲಿ, ಕಾಂಗ್ರೆಸ್ ಗಿಡ ದೊಡ್ಡ ಕಾರಣ. ಅದರ ಪುಡಿ ಗಾಳಿಯಲ್ಲೇ ಬಂದು ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಕೂರುತ್ತದೆ, ಗಿಡವನ್ನು ಮುಟ್ಟಲೇಬೇಕೆಂದಿಲ್ಲ. ಮಲೆನಾಡು-ಕರಾವಳಿಯಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆ, ಹೊಲಗೇರು ಮರದ ಸೊನೆ ಇದೇ ಕೆಲಸ ಮಾಡುತ್ತವೆ. ಚರ್ಮರೋಗ ತಜ್ಞರು ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆ ಮತ್ತು ಸುಮಾರು 96 ಗಂಟೆಗೆ ನೋಡುವ ಪ್ಯಾಚ್ ಪರೀಕ್ಷೆಯೇ ಇದಕ್ಕೆ ಸರಿಯಾದದ್ದು. ರಕ್ತ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ.

ಲಕ್ಷಣ: ಊತ ಒಂದೇ ಕಡೆಗಿದೆ

ಒಂದೇ ಕೆನ್ನೆ ಊದಿದರೆ ಹಲ್ಲಿನ ವೈದ್ಯರೇ ಮೊದಲ ಬಾಗಿಲು. ಹಲ್ಲು ನೋಯದಿದ್ದರೂ ಬೇರಿನ ತುದಿಯಲ್ಲಿ ಕೀವು ಇರಬಹುದು, ಒಂದು ಚಿಕ್ಕ ಎಕ್ಸ್‌ರೇ ಸಾಕು. ಬಾಯಿ ತೆರೆಯಲಾಗದೆ, ನಾಲಿಗೆಯ ಅಡಿ ಗಟ್ಟಿಯಾಗಿ ಮೇಲೆದ್ದರೆ ಮಾತ್ರ ಕ್ಲಿನಿಕ್ ಬಿಟ್ಟು ನೇರ ದೊಡ್ಡ ಆಸ್ಪತ್ರೆಗೆ. ಊಟಕ್ಕೆ ಕುಳಿತಾಗ ದವಡೆಯ ಕೆಳಗೆ ಊದಿ ಗಂಟೆಯೊಳಗೆ ಇಳಿದರೆ ಜೊಲ್ಲು ಗ್ರಂಥಿಯ ನಾಳದಲ್ಲಿ ಕಲ್ಲಿರುತ್ತದೆ. ಕಿವಿಯ ಹಾಲೆಯನ್ನು ಮೇಲೆತ್ತಿದಂತೆ ಊದಿ ಜ್ವರವಿದ್ದರೆ ಮಂಗನಬಾವು.

ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಒಂದು ಕಡೆ ಮುಖ ಊದಿ, ಜೋಮು ಹಿಡಿದು, ಮೂಗಿನಿಂದ ಕಪ್ಪು ಸಿಂಬಳ ಬಂದರೆ ಅಥವಾ ಅಂಗುಳದಲ್ಲಿ ಕಪ್ಪು ಕಲೆ ಕಂಡರೆ ಗಂಟೆಗಳ ಲೆಕ್ಕದಲ್ಲಿ ಧಾವಿಸಬೇಕು. 2021ರ ಕೋವಿಡ್ ಎರಡನೇ ಅಲೆಯಲ್ಲಿ ಬ್ಲ್ಯಾಕ್ ಫಂಗಸ್ ಎಂದು ಎಲ್ಲರ ಬಾಯಲ್ಲಿದ್ದದ್ದು ಇದೇ. ಅಲೆ ಹೋದರೂ ಶಿಲೀಂಧ್ರ ಹೋಗಿಲ್ಲ. ಊದಿದ ಜಾಗಕ್ಕೆ ಸುಣ್ಣ ಹಚ್ಚುವುದು, ಒತ್ತಿ ಕೀವು ತೆಗೆಯುವುದು ಬೇಡ.

ಲಕ್ಷಣ: ತಿಂಗಳುಗಳಿಂದ ನಿಧಾನವಾಗಿ ಮುಖ ದಪ್ಪಗಾಗಿದೆ

ಇದನ್ನು ದಿನವೂ ಕನ್ನಡಿ ನೋಡುವವರು ಗುರುತಿಸುವುದಿಲ್ಲ. ಆಧಾರ್ ಕಾರ್ಡಿನ ಹಳೆಯ ಫೋಟೊ ಪಕ್ಕದಲ್ಲಿಟ್ಟು ನೋಡಿ. ರೆಪ್ಪೆ ಉಬ್ಬಿ, ದನಿ ಗಡುಸಾಗಿ, ಚರ್ಮ ಒಣಗಿ, ಮಲಬದ್ಧತೆ, ಚಳಿ ತಡೆಯದಿರುವುದು ಇದ್ದರೆ ಥೈರಾಯ್ಡ್ ಕೆಲಸ ಕುಂದಿರಬಹುದು; ಟಿಎಸ್‌ಎಚ್ ಎಂಬ ಒಂದೇ ರಕ್ತ ಪರೀಕ್ಷೆ ಬಹುಮಟ್ಟಿಗೆ ಉತ್ತರ ಕೊಡುತ್ತದೆ.

ಮುಖ ಚಂದ್ರನಂತೆ ದುಂಡಗಾಗಿ, ಹೊಟ್ಟೆ ಬೆಳೆದು ಕೈಕಾಲು ತೆಳ್ಳಗಾಗಿ, ಹೊಟ್ಟೆಯ ಮೇಲೆ ನೇರಳೆ ಗೆರೆಗಳು ಎದ್ದಿದ್ದರೆ ಸ್ಟೀರಾಯ್ಡ್ ಹೆಚ್ಚಾಗಿದೆ. ಅದು ದೇಹದೊಳಗೇ ಉತ್ಪತ್ತಿಯಾಗುವುದು ಅಪರೂಪ, ಹೊರಗಿನಿಂದ ಬರುವುದೇ ಹೆಚ್ಚು. ಮಂಡಿನೋವಿಗೆ, ಉಬ್ಬಸಕ್ಕೆ ಪೊಟ್ಟಣ ಕಟ್ಟಿಕೊಡುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ‘ಮೂರೇ ದಿನದಲ್ಲಿ ನೋವು ಮಾಯ’ ಎಂಬ ಹೊಗಳಿಕೆಯೇ ಅನುಮಾನಕ್ಕೆ ಸಾಕು. ಗೊತ್ತಾದ ಕೂಡಲೇ ಸಿಟ್ಟಿನಿಂದ ಪುಡಿಯನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯ. ದೇಹ ತನ್ನ ಸ್ಟೀರಾಯ್ಡ್ ತಯಾರಿಕೆಯನ್ನು ಮರೆತಿರುತ್ತದೆ, ಬಿಪಿ ಕುಸಿದು ಪ್ರಜ್ಞೆ ತಪ್ಪಬಹುದು. ವೈದ್ಯರ ಮೇಲ್ವಿಚಾರಣೆಯಲ್ಲೇ ಇಳಿಸಬೇಕು.

ಅಪರೂಪ, ಆದರೆ ತಪ್ಪಿಸಿಕೊಳ್ಳಬಾರದವು

ಬಗ್ಗಿದಾಗ, ಮಲಗಿದಾಗ ಮುಖ-ಕುತ್ತಿಗೆ ಉಬ್ಬಿ ಕೆಂಪಗಾಗುವುದು, ಎದೆಯ ಮೇಲೆ ರಕ್ತನಾಳಗಳು ಎದ್ದು ಕಾಣುವುದು, ಕಾಲರ್ ಬಿಗಿಯಾಗುವುದು ಎದೆಯೊಳಗಿನ ದೊಡ್ಡ ಅಭಿಧಮನಿ ಒತ್ತಿಹೋಗಿರುವ ಸೂಚನೆ. ಶ್ವಾಸಕೋಶದ ಗಡ್ಡೆ ಅಥವಾ ಲಿಂಫೋಮಾ ಕಾರಣವಿರಬಹುದು, ಎದೆಯ ಸಿಟಿ ಸ್ಕ್ಯಾನ್ ತಡಮಾಡಬಾರದು. ಫಿಟ್ಸ್‌ಗೆ ಫೆನಿಟಾಯಿನ್, ಕಾರ್ಬಮಜಪೈನ್, ಯೂರಿಕ್ ಆಮ್ಲಕ್ಕೆ ಅಲೊಪ್ಯುರಿನಾಲ್ ಶುರು ಮಾಡಿ ಎರಡರಿಂದ ಎಂಟು ವಾರಗಳಲ್ಲಿ ಜ್ವರ, ಮೈತುಂಬ ಕೆಂಪು, ಮುಖದ ಊತ ಬಂದರೆ ಅದು ಯಕೃತ್ತಿಗೂ ತಾಗುವ ಔಷಧ ಪ್ರತಿಕ್ರಿಯೆ. ಅದೇ ದಿನ ಆಸ್ಪತ್ರೆಗೆ. ರೆಪ್ಪೆಗಳು ನೇರಳೆ ಬಣ್ಣಕ್ಕೆ ತಿರುಗಿ ಊದಿ, ಮೆಟ್ಟಿಲು ಹತ್ತಲು ತಲೆ ಬಾಚಲು ಶಕ್ತಿ ಸಾಲದಿದ್ದರೆ ಸ್ನಾಯುಗಳ ಉರಿಯೂತದ ಬಗ್ಗೆ ಯೋಚಿಸಬೇಕು. ಕಿವಿಯ ಹಾಲೆ ದಪ್ಪಗಾಗಿ, ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆಗಳಿದ್ದು, ಮುಖ-ಕೈ ಊದಿ ಕೆಂಪಾದರೆ ಕುಷ್ಠರೋಗದ ಪ್ರತಿಕ್ರಿಯೆ ಇರಬಹುದು. ಇದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆಯಿದೆ, ತಡವಾದರೆ ನರಗಳು ಹಾಳಾಗುತ್ತವೆ. ತುಟಿ ಬಂದುಹೋಗುವುದನ್ನು ಬಿಟ್ಟು ಶಾಶ್ವತವಾಗಿ ದಪ್ಪಗೆ ನಿಂತರೆ ತುಟಿಯ ಚಿಕ್ಕ ತುಣುಕು ತೆಗೆದು ನೋಡುವುದೇ ದಾರಿ.

ಎಲ್ಲ ವರದಿಗಳೂ ಸಹಜ ಎಂದು ಬಂದರೆ

ಮೂತ್ರ, ಕ್ರಿಯಾಟಿನಿನ್, ಆಲ್ಬುಮಿನ್, ಟಿಎಸ್‌ಎಚ್, ರಕ್ತಕಣಗಳ ಎಣಿಕೆ, ಊತದ ದಿನದ ಸಿ-4, ಇಷ್ಟು ಸಹಜವಿದ್ದು ಮಾತ್ರೆಯ ಡಬ್ಬಿಯೂ ನಿರ್ದೋಷಿಯಾಗಿದ್ದರೆ ಉಳಿಯುವುದು ಕಾರಣ ಹೆಸರಿಸಲಾಗದ ಆಂಜಿಯೊಎಡಿಮಾ. ಅದಕ್ಕೆ ಹೆಸರಿಲ್ಲದಿದ್ದರೂ ಚಿಕಿತ್ಸೆಯಿದೆ: ಮೊದಲು ಪೂರ್ಣ ಪ್ರಮಾಣದ ಹಿಸ್ಟಮಿನ್ ತಡೆ ಮಾತ್ರೆಯನ್ನು ಕೆಲವು ವಾರ ನಿಯಮಿತವಾಗಿ ಪ್ರಯೋಗಿಸಿ, ಫಲವಿಲ್ಲದಿದ್ದರೆ ಟ್ರಾನೆಕ್ಸಾಮಿಕ್ ಆಮ್ಲವನ್ನು ತಜ್ಞರು ಪರಿಗಣಿಸುತ್ತಾರೆ. ಯಾವುದಕ್ಕೆ ಊತ ಬಗ್ಗಿತು ಎಂಬುದೂ ರೋಗನಿರ್ಣಯದ ಒಂದು ಭಾಗವೇ. ವೈದ್ಯರನ್ನು ಬದಲಿಸುವುದಾದರೆ ಹಳೆಯ ಕಡತದೊಂದಿಗೇ ಹೋಗಿ. ಪ್ರತಿಯೊಬ್ಬರೂ ಮೊದಲಿನಿಂದ ಅಲರ್ಜಿ ಮಾತ್ರೆಯೊಂದಿಗೆ ಶುರು ಮಾಡುವುದು ತಪ್ಪುವುದು ಆಗಲೇ. ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮರೋಗ ಅಥವಾ ಸಾಮಾನ್ಯ ವೈದ್ಯಕೀಯ ವಿಭಾಗ ಇದಕ್ಕೆ ತಕ್ಕ ಜಾಗ.

ಮುಂದಿನ ಊತಕ್ಕೆ ಮೊದಲೇ ವೈದ್ಯರ ಬಳಿ ಸಿ-4 ಪರೀಕ್ಷೆಗೆ ಚೀಟಿ ಬರೆಸಿಟ್ಟುಕೊಂಡರೆ, ಊತ ಏರಿದ ದಿನವೇ ಪ್ರಯೋಗಾಲಯಕ್ಕೆ ಹೋಗಿ ರಕ್ತ ಕೊಡಬಹುದು. ಪರ್ಸಿನಲ್ಲಿ ಇನ್ನೊಂದು ಚೀಟಿ ಇರಲಿ. ಅದರಲ್ಲಿ ನುಂಗುತ್ತಿರುವ ಮಾತ್ರೆಗಳ ಪೂರ್ಣ ಹೆಸರು, ಊತ ತಂದ ಮಾತ್ರೆಗಳ ಹೆಸರು, ಅಡ್ರಿನಲಿನ್‌ನಿಂದ ಹಿಂದೆ ಪ್ರಯೋಜನವಾಗಿತ್ತೋ ಇಲ್ಲವೋ ಎಂಬುದು, ಚಿಕಿತ್ಸೆ ಕೊಡುವ ವೈದ್ಯರ ಫೋನ್ ಸಂಖ್ಯೆ, ಇಷ್ಟನ್ನು ಸ್ಪಷ್ಟ ಅಕ್ಷರಗಳಲ್ಲಿ ಬರೆದಿರಬೇಕು. ನಾಲಿಗೆ ಊದಿದಾಗ ಇದನ್ನೆಲ್ಲ ಬಾಯಿಬಿಟ್ಟು ಹೇಳಲು ಆಗುವುದಿಲ್ಲ.